'ಒಂದು ಕುಡೋ' ಅಂತ ಬರೆಯಬಹುದಾ? ಗುರುವಾರದೊಳಗೆ 60 ಸರ್ಟಿಫಿಕೇಟ್ ಪ್ರಿಂಟ್ ಆಗಬೇಕು

ಮಂಡ್ಯ ಡಿಟಿಪಿ
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸು, ಬಿಲ್ ಬುಕ್ಕು, ಇಂಥ ಕೆಲಸ. ಈಗ ಒಂದು ಖಾಸಗಿ ಶಾಲೆಯವರು ಮಕ್ಕಳಿಗೆ ಕೊಡಲು 60 ಸರ್ಟಿಫಿಕೇಟ್ ಆರ್ಡರ್ ಕೊಟ್ಟಿದ್ದಾರೆ. ಮೇಲೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ 'ಎ ಕುಡೋ ಟು' ಅಂತ ಇರಬೇಕು, ಕೆಳಗೆ ಮಗುವಿನ ಹೆಸರು.

ಟೈಪ್ ಮಾಡಿದರೆ ಆ ಪದದ ಕೆಳಗೆ ಕೆಂಪು ಗೆರೆ ಬರುತ್ತಿದೆ. ಕೊನೆಗೆ ಒಂದು ಎಸ್ ಸೇರಿಸಿದರೆ ಗೆರೆ ಮಾಯ. ಶಾಲೆಗೆ ಫೋನ್ ಮಾಡಿ ಹೇಳಿದೆ. 'ಒಂದು ಮಗುವಿಗೆ ಒಂದೇ ಅಲ್ವಾ, ಎಸ್ ಹಾಕಿದರೆ ಬಹುವಚನ ಆಗುತ್ತೆ' ಅಂದರು. ಕೇಳಿದರೆ ಅದೂ ಸರಿ ಅನ್ನಿಸುತ್ತದೆ. ಆದರೆ ಕಳೆದ ವರ್ಷ ಬೇರೊಂದು ಕಡೆಯವರು ಕೊಟ್ಟ ಹಾಗೇ ಪ್ರಿಂಟ್ ಹಾಕಿ, ಕಾರ್ಯಕ್ರಮದ ದಿನ ತಪ್ಪು ಹೊರಬಿದ್ದು, ಮತ್ತೆ ಪ್ರಿಂಟ್ ಹಾಕುವ ಖರ್ಚು ನನ್ನ ತಲೆಗೇ ಬಂತು. ಅದಕ್ಕೇ ಭಯ.

ಈ ಪದದ ನಿಜವಾದ ಅರ್ಥ ಏನು? ಎಲ್ಲಿಂದ ಬಂತು? ಎಸ್ ಇರಬೇಕಾ ಬೇಡವಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮದ್ದೂರು ಹುಡುಗ
ಎಸ್ ಬೇಕೇ ಬೇಕು. ಕುಡೋಸ್ ಅಂದರೆ ಶಭಾಷ್ ಅಂತ. ಆಫೀಸಿನ ಮೇಲ್‌ಗಳಲ್ಲಿ ದಿನಾ ನೋಡುತ್ತೇನೆ.

ಕಬ್ಬಿನ ಗದ್ದೆ
ನಮ್ಮ 'ಕೊಡು' ಪದದಿಂದಲೇ ಬಂದಿರಬಹುದಾ? ಹೊಗಳಿಕೆ ಕೊಡು, ಗೌರವ ಕೊಡು. ಕೊಡು, ಕುಡೋ, ಎಷ್ಟು ಹತ್ತಿರ ಇದೆ ನೋಡಿ.

ಪಾಂಡವಪುರದ ಟೀಚರ್
ಇಲ್ಲ ಸರ್, ಕೊಡು ಅಚ್ಚ ದ್ರಾವಿಡ ಪದ. ತಮಿಳಿನಲ್ಲೂ ಮಲಯಾಳದಲ್ಲೂ ಅದಕ್ಕೆ ಅಣ್ಣತಮ್ಮಂದಿರು ಇದ್ದಾರೆ. ಕುಡೋಸ್ ಗ್ರೀಕ್ ಪದ. ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ಸಂಬಂಧ ಇರಬೇಕು ಅಂತೇನಿಲ್ಲ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗ್ರೀಕಿನಲ್ಲಿ ಇದು ಏಕವಚನ. ಕೊನೆಯ ಸ್ ಬಹುವಚನದ ಗುರುತೇ ಅಲ್ಲ, ಪದದ ಮೈಯಲ್ಲೇ ಇರುವ ಅಕ್ಷರ. ಇಂಗ್ಲಿಷಿಗೆ ಬಂದ ಕಾಸ್ಮಾಸ್, ಕೇಯಾಸ್, ಪೇಥಾಸ್ ಎಲ್ಲ ಇದೇ ಥರದವು. 'ಒಂದು ಕಾಸ್ಮೋ' ಅಂತ ಯಾರೂ ಹೇಳುವುದಿಲ್ಲ. ನಾವು ಬಸ್ಸಿನ ಸ್ ತೆಗೆದು 'ಮಂಡ್ಯಕ್ಕೆ ಒಂದು ಬ ಬಂತು' ಅಂತೀವಾ? ಹಾಗೇ ಇದೂ.

ಅರ್ಥ: ಕೀರ್ತಿ, ಹೆಸರು, ಹಿರಿಮೆ. ಸುಮಾರು 200 ವರ್ಷದ ಹಿಂದೆ ಇಂಗ್ಲೆಂಡಿನ ಯೂನಿವರ್ಸಿಟಿ ಹುಡುಗರು ಗ್ರೀಕ್ ಪಾಠದಿಂದ ಇದನ್ನು ಎತ್ತಿಕೊಂಡು ತಮ್ಮ ತಮಾಷೆ ಮಾತಿನಲ್ಲಿ ಬಳಸಿದರು. ಆಗ ಇದಕ್ಕೆ 'ಹೆಸರು, ಮರ್ಯಾದೆ' ಅಂತ ಅರ್ಥ. 20ನೇ ಶತಮಾನದಲ್ಲಿ ಪತ್ರಿಕೆಗಳಿಗೆ ಬಂದ ಮೇಲೆ 'ಹೊಗಳಿಕೆ' ಅನ್ನುವ ಅರ್ಥ ಗಟ್ಟಿಯಾಯಿತು. ಹೊಗಳಿಕೆ ಅಂದರೆ ಹಲವು ಇರಬಹುದಲ್ಲ, ಅದಕ್ಕೇ ಜನ ಸ್ ನೋಡಿ ಬಹುವಚನ ಅಂದುಕೊಂಡರು. ಆಮೇಲೆ 'ಕುಡೋ' ಅನ್ನುವ ಒಂಟಿ ರೂಪ ಅಮೆರಿಕದಲ್ಲಿ ಅಚ್ಚಿನಲ್ಲೇ ಕಾಣಿಸಿಕೊಂಡಿತು.

ನಿಮ್ಮ ಕಂಪ್ಯೂಟರಿನ ಕೆಂಪು ಗೆರೆ ಸರಿಯಾಗಿಯೇ ಹೇಳುತ್ತಿದೆ.

ಮಂಡ್ಯ ಡಿಟಿಪಿ
ಮೇಡಂ, ಬಸ್ಸಿನ ಉದಾಹರಣೆಯಿಂದ ಪೂರ್ತಿ ಅರ್ಥ ಆಯಿತು. ತುಂಬಾ ಥ್ಯಾಂಕ್ಸ್.

ಹೆಬ್ಬಾಳ ಟೆಕ್ಕಿ
ಅಷ್ಟು ಸುಲಭವಾಗಿ ತೀರ್ಪು ಕೊಡಬೇಡಿ ಮೇಡಂ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿಯಲ್ಲಿ 'ಕುಡೋ' ಅಂತಲೇ ಒಂದು ನಮೂದು ಇದೆ. ಡಿಕ್ಷನರಿಯಲ್ಲಿ ಇದ್ದ ಮೇಲೆ ತಪ್ಪು ಹೇಗಾಗುತ್ತದೆ? ಭಾಷೆ ಬದಲಾಗುತ್ತಾ ಹೋಗುತ್ತದೆ. ಇಂಗ್ಲಿಷಿನ ಚೆರ್ರಿ ನೋಡಿ. ಮೂಲ ಫ್ರೆಂಚಿನಲ್ಲಿ ಅದು 'ಚೆರೀಸ್' ಥರ ಇತ್ತು. ಇಂಗ್ಲಿಷಿನವರು ಆ ಸ್ ಬಹುವಚನ ಅಂದುಕೊಂಡು ಕತ್ತರಿಸಿದರು. ಬಟಾಣಿಗೆ 'ಪೀ' ಅಂತೀವಲ್ಲ, ಅದೂ ಮೊದಲು 'ಪೀಸ್' ಅಂತಲೇ ಇತ್ತು, ಅದೇ ಏಕವಚನ. ಈಗ ಯಾರಾದರೂ ಚೆರ್ರಿ ತಪ್ಪು ಅಂತಾರಾ?

ಪಾಂಡವಪುರದ ಟೀಚರ್
ಒಳ್ಳೆಯ ಮಾತು, ಒಪ್ಪುತ್ತೇನೆ. ಆದರೆ ಚೆರ್ರಿಗೆ ನೂರಾರು ವರ್ಷ ಆಗಿದೆ, ಬೇರೆ ರೂಪ ಉಳಿದೇ ಇಲ್ಲ. ಕುಡೋ ಹಾಗಲ್ಲ. ಡಿಕ್ಷನರಿ ಜನ ಏನು ಬಳಸುತ್ತಾರೋ ಅದನ್ನು ದಾಖಲೆ ಮಾಡುತ್ತದೆ. ಆದರೂ ಆ ರೂಪ ನೋಡಿ ಮುಖ ಸಿಂಡರಿಸುವ ಓದುಗರು ಇವತ್ತಿಗೂ ಇದ್ದಾರೆ. ಮಕ್ಕಳ ಸರ್ಟಿಫಿಕೇಟು ಮನೆಯ ಗೋಡೆಯ ಮೇಲೆ ಇಪ್ಪತ್ತು ವರ್ಷ ಇರುತ್ತದೆ. ಅನುಮಾನ ಇರುವ ರೂಪ ಯಾಕೆ ಬೇಕು?

ಮದ್ದೂರು ಹುಡುಗ
ನಾವೂ ಕಮ್ಮಿ ಇಲ್ಲ ಬಿಡಿ. 'ಪೇರೆಂಟ್ಸ್‌ಗಳು ಬರಬೇಕು' ಅಂತ ನಮ್ಮೂರ ಶಾಲೆ ಮೈಕಿನಲ್ಲಿ ಕೂಗುತ್ತಾರೆ. ಬಹುವಚನದ ಮೇಲೆ ಇನ್ನೊಂದು ಬಹುವಚನ.

ಕುವೆಂಪುನಗರದ ಅಕ್ಕ
ಅದರಲ್ಲಿ ತಪ್ಪೇನಿದೆ? ಬೇರೆ ಭಾಷೆಯ ಪದ ಬಂದಾಗ ನಮ್ಮ ವ್ಯಾಕರಣ ಅದಕ್ಕೆ ಅಂಟಿಕೊಳ್ಳುತ್ತದೆ. ಗ್ರೀಕ್ ಪದಕ್ಕೆ ಇಂಗ್ಲಿಷಿನವರು ಮಾಡಿದ್ದೂ ಅದೇ ಅಲ್ವಾ.

ಉಚ್ಚಾರಣೆ ಬಗ್ಗೆ ಯಾರೂ ಹೇಳಲಿಲ್ಲ. ಬ್ರಿಟಿಷರು 'ಕ್ಯೂಡಾಸ್' ಅಂತಾರೆ, ಕೊನೆಯಲ್ಲಿ ಗಟ್ಟಿ ಸ್. ಅಮೆರಿಕದಲ್ಲಿ 'ಕೂಡೋಝ್' ಅನ್ನುವವರು ಜಾಸ್ತಿ. ಆ ಝ್ ಸದ್ದು ಬಂದ ಕೂಡಲೇ ಕಿವಿಗೆ ಬಹುವಚನ ಅನ್ನಿಸುತ್ತದೆ. ಅರ್ಧ ಗೊಂದಲ ಅಲ್ಲೇ ಹುಟ್ಟಿದ್ದು ಅಂತ ನನ್ನ ಅನಿಸಿಕೆ.

ಬೆಟ್ಟದ ಸೈಕಲ್
ನಾನು ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಸೈಕಲ್ ಹತ್ತಿಸುತ್ತೇನೆ. ಸೈಕಲ್, ಓಟದ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನಲ್ಲಿ ಲೈಕ್ ಬದಲು ಕುಡೋಸ್ ಅಂತಲೇ ಇರುವುದು. ನಂದಿ ದಾಟಿ ಮೇಲೆ ಹೋಗುವಷ್ಟರಲ್ಲಿ ಉಸಿರು ಕಟ್ಟಿರುತ್ತದೆ. ಇಳಿದು ಬಂದು ಮೊಬೈಲ್ ನೋಡಿದರೆ ಗೆಳೆಯರ ಕುಡೋಸ್ ಬಂದಿರುತ್ತವೆ, ಖುಷಿಯಾಗುತ್ತದೆ. ಅಲ್ಲಿ ಎಷ್ಟು ಬಂತು ಅಂತ ಲೆಕ್ಕ ತೋರಿಸುತ್ತಾರೆ. ಹಾಗಾದರೆ ಎಣಿಸಬಹುದು ಅಂತ ಆಯಿತಲ್ಲ?

ಹೆಬ್ಬಾಳ ಟೆಕ್ಕಿ
ಅದೇ ನಾನು ಹೇಳಿದ್ದು. 25 ಕುಡೋಸ್ ಅಂತ ಆ್ಯಪೇ ತೋರಿಸಿದರೆ, ಒಬ್ಬನೇ ಒತ್ತಿದಾಗ ಅದು 1 ಕುಡೋ.

ಹೆಸರು ಬೇಡ, ಮೈಸೂರು
ಎಣಿಸುವ ವಿಷಯ ಬಂತಲ್ಲ, ನನ್ನ ಅನುಭವ ಹೇಳುತ್ತೇನೆ. ಮೈಸೂರಿನಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಳಗಿನ ಆ್ಯಪ್ ಒಂದಿತ್ತು. ಒಳ್ಳೆಯ ಕೆಲಸ ಮಾಡಿದರೆ ಮ್ಯಾನೇಜರ್ 'ಒಂದು ಕುಡೋ' ಕಳಿಸುತ್ತಿದ್ದರು. ನಮ್ಮಪ್ಪನಿಗೆ ಆಪರೇಷನ್ ಆದ ವಾರವೂ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮುಗಿಸಿದ್ದೆ. ಬೆಳಿಗ್ಗೆ ಒಂದು ಕುಡೋ ಬಂತು. ಅದೇ ವಾರ ಟೀಮಿನಲ್ಲಿ ಬರ್ತ್‌ಡೇ ಕೇಕ್ ತಂದವರಿಗೂ ಒಂದು ಕುಡೋ ಹೋಯಿತು. ಅವರ ಮೇಲೆ ನನಗೆ ಬೇಸರ ಇಲ್ಲ, ಒಳ್ಳೆಯ ಹುಡುಗಿ. ಆದರೆ ನನ್ನದು ಏನಕ್ಕೆ ಬಂತು ಅಂತ ಅದರಲ್ಲಿ ಬರೆದಿರಲಿಲ್ಲ. ಆ ದಿನ ಮನಸ್ಸಿಗೆ ನೋವಾಯಿತು.

ಗ್ರೀಕ್ ಗೊತ್ತಿಲ್ಲ ನನಗೆ. ಆದರೆ ಈ ಪದ ಎಣಿಕೆಗೆ ಬರುವುದಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಮಂಡ್ಯ ಡಿಟಿಪಿ
ನಿಮ್ಮ ತಂದೆ ಈಗ ಹೇಗಿದ್ದಾರೆ ಸರ್?

ಹೆಸರು ಬೇಡ, ಮೈಸೂರು
ಚೆನ್ನಾಗಿದ್ದಾರೆ. ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತಾರೆ. ಕೇಳಿದ್ದಕ್ಕೆ ಥ್ಯಾಂಕ್ಸ್ ಅಣ್ಣ.

ಸರಸ್ವತಿಪುರಂ ತಾತ
ನಾನು ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡಿ ನಿವೃತ್ತನಾದವನು. ಗ್ರೀಕ್ ಸ್ವಲ್ಪ ಓದಿಕೊಂಡಿದ್ದೇನೆ. ಎಣಿಕೆಯ ಮಾತಿಗೆ ಒಂದು ವಿಷಯ ಸೇರಿಸುತ್ತೇನೆ.

ಹಳೆಯ ಗ್ರೀಕ್ ಕವಿ ಹೋಮರನ ಯುದ್ಧಕಾವ್ಯ ಇಲಿಯಡ್‌ನಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಕುಡೋಸ್ ಅನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಸುಮ್ನೆ ಹಂಚುವುದಿಲ್ಲ. ಯುದ್ಧದ ನಡುವೆ ಜ್ಯೂಸ್ ದೇವರು ಒಬ್ಬ ವೀರನ ಕಡೆ ಒಲಿದು ಅದನ್ನು ಕೊಡುತ್ತಾನೆ. ಅದು ಬಂದವನು ಆ ಹೊತ್ತಿಗೆ ಎದುರಿಲ್ಲದವನಾಗುತ್ತಾನೆ. ದೇವರು ಮನಸ್ಸು ಬದಲಿಸಿದರೆ ಎದುರಾಳಿಯ ಪಾಲಾಗುತ್ತದೆ. ಫ್ರೆಂಚ್ ಭಾಷಾ ವಿದ್ವಾಂಸ ಎಮಿಲ್ ಬೆನ್ವೆನಿಸ್ತ್ ಇದನ್ನು ಬರಿ ಕೀರ್ತಿ ಅಂತ ಅನುವಾದ ಮಾಡಬಾರದು, ಗೆಲುವು ತಂದುಕೊಡುವ ಒಂದು ಮಂತ್ರಶಕ್ತಿಯ ಹಾಗೆ ಅದು ಅಂತ ವಾದಿಸಿದರು. ನಮ್ಮ ಕಡೆ 'ಅವನಿಗೆ ದೇವರು ಒಲಿದಿದ್ದಾನೆ' ಅಂತೀವಲ್ಲ, ಅದಕ್ಕೆ ಹತ್ತಿರ. ಹೀಗಿದ್ದ ಪದವನ್ನು ಒಂದು, ಎರಡು ಅಂತ ಎಣಿಸುವುದು ಹೇಗೆ?

ಗ್ರೀಕರಿಗೆ ಕೀರ್ತಿಗೆ ಇನ್ನೊಂದು ಪದ ಇತ್ತು, ಕ್ಲಿಯೋಸ್. ಅದರ ಮೂಲ 'ಕೇಳಿಸಿಕೊಳ್ಳುವುದು'. ಸತ್ತ ಮೇಲೂ ಜನರ ಬಾಯಲ್ಲಿ, ಕಿವಿಯಲ್ಲಿ ಉಳಿಯುವ ಹೆಸರು. ಈ ಪದ ನಮಗೆ ನೆಂಟ. ಸಂಸ್ಕೃತದ 'ಶ್ರವಸ್' ಅಂದರೂ ಕೀರ್ತಿ, ಅದರ ಮೂಲ 'ಶ್ರು', ಕೇಳು. ಶ್ರವಣ, ವಿಶ್ರುತ ಎಲ್ಲ ಅದೇ ಮನೆಯವು. ಹೋಮರನಲ್ಲಿ 'ಕ್ಲಿಯೋಸ್ ಅಫ್ತಿತೋನ್' ಅಂತ ಬರುತ್ತದೆ, ಅಳಿಯದ ಕೀರ್ತಿ. ಋಗ್ವೇದದಲ್ಲಿ 'ಅಕ್ಷಿತ' ಮತ್ತು 'ಶ್ರವಸ್' ಜೊತೆಯಾಗಿ ಬರುತ್ತವೆ. ಎರಡೂ ಜೋಡಿ ಪದಕ್ಕೆ ಪದ ಹೊಂದುತ್ತವೆ. 1853ರಲ್ಲಿ ಜರ್ಮನಿಯ ಅಡಾಲ್ಬರ್ಟ್ ಕುನ್ ಇದನ್ನು ತೋರಿಸಿಕೊಟ್ಟರು. ಮೊದಲ ಸಲ ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಸಾವಿರಾರು ವರ್ಷ ಹಿಂದೆ ಬೇರೆಯಾದ ಎರಡು ಭಾಷೆ, ಅದೇ ಎರಡು ಪದವನ್ನು ಅಕ್ಕಪಕ್ಕ ಇಟ್ಟುಕೊಂಡು ಬಂದಿವೆ.

ಕಬ್ಬಿನ ಗದ್ದೆ
ತಾತ, ಹಾಗಾದರೆ ಕ್ಲಿಯೋಸ್‌ಗೂ ನಮ್ಮ 'ಕೇಳು'ಗೂ ಸಂಬಂಧ ಇದೆಯಾ? ಅರ್ಥವೂ ಒಂದೇ, ಸದ್ದೂ ಹತ್ತಿರ.

ಸರಸ್ವತಿಪುರಂ ತಾತ
ಇಲ್ಲಪ್ಪ, ಕೇಳು ದ್ರಾವಿಡ ಮೂಲದ್ದು. ಅದು ಕಾಕತಾಳೀಯ. ಆದರೆ ಹೀಗೆ ಹೋಲಿಸಿ ನೋಡುವ ಅಭ್ಯಾಸ ಬಿಡಬೇಡ. ಹತ್ತು ಸಲ ತಪ್ಪಿದರೂ ಒಂದು ಸಲ ನಿಜವಾದದ್ದು ಸಿಗುತ್ತದೆ.

ಗರಡಿ ಮನೆ
ನಮಗೆ ಗ್ರೀಕು ಇಂಗ್ಲಿಷು ಗೊತ್ತಿಲ್ಲ. ತಾತ ಹೇಳಿದ 'ಆ ಹೊತ್ತಿಗೆ ಎದುರಿಲ್ಲದವನು' ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ದಸರಾ ಕುಸ್ತಿಯಲ್ಲಿ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಕೂತು ನೋಡಿ. ಜೋಡಿ ಹಿಡಿದಾಗ ಇಬ್ಬರೂ ಸಮ. ಯಾವುದೋ ಒಂದು ಗಳಿಗೆಯಲ್ಲಿ ಒಬ್ಬನ ಮೈಗೆ ಏನೋ ಬರುತ್ತದೆ. ಜನಕ್ಕೆ ಮೊದಲೇ ಗೊತ್ತಾಗುತ್ತದೆ. 'ಭಲೇ' ಅಂತ ಕೂಗು ಏಳುತ್ತದೆ. ಆಮೇಲೆ ಎದುರಾಳಿಯ ಬೆನ್ನು ಮಣ್ಣಿಗೆ. ದಸರಾ ಕಂಠೀರವ, ದಸರಾ ಕೇಸರಿ ಬಿರುದು ಆಮೇಲೆ ಬರುತ್ತದೆ. ಆ ಕೂಗು ಮೊದಲೇ ಬಂದಿರುತ್ತದೆ.

ಸರಸ್ವತಿಪುರಂ ತಾತ
ಪೈಲ್ವಾನರೇ, ನಾನು ಎರಡು ಪ್ಯಾರಾ ಬರೆದು ಹೇಳಿದ್ದನ್ನು ನೀವು ನಾಲ್ಕು ಮಾತಿನಲ್ಲಿ ಹೇಳಿದಿರಿ.

ಕುವೆಂಪುನಗರದ ಅಕ್ಕ
ಕೂಗಿನ ಮಾತು ಬಂತಲ್ಲ, ನಮ್ಮ ಮೈಸೂರಿನ 'ಬಹುಪರಾಕ್' ಮರೆಯಬಾರದು. ನಮ್ಮ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಅರಮನೆ ದರ್ಬಾರ್ ನೋಡಿದ್ದರಂತೆ. ಕೂಗುವವರ ಗಂಟಲು ಕೇಳಿ ಮೈ ಝುಂ ಅಂದಿತ್ತು ಅಂತ ಹೇಳುತ್ತಿದ್ದರು. 'ಪರಾಕು' ಅನ್ನುವುದು ದೊರೆ ಬರುವಾಗ 'ಎಚ್ಚರ, ಗಮನ ಇರಲಿ' ಅಂತ ಕೂಗುತ್ತಿದ್ದ ಮಾತು. ಕೇಳಿ ಕೇಳಿ ಅದೇ ಹೊಗಳಿಕೆಯ ಮಾತಾಯಿತು. ಅದೇ ತೆಲುಗಿನಲ್ಲಿ ಪರಾಕು ಅಂದರೆ ಮೈಮರೆವು!

ಹಾಗೇ 'ಹೊಗಳುಭಟ್ಟ'. ಆಸ್ಥಾನದಲ್ಲಿ ಅದು ಒಂದು ಕೆಲಸ, ಮರ್ಯಾದೆಯ ಕೆಲಸ. ಈಗ ಯಾರನ್ನಾದರೂ ಹಾಗೆ ಕರೆದರೆ ಜಗಳ ಆಗುತ್ತದೆ. ಪದಗಳ ಹಣೆಬರಹ ಹೀಗೆ ತಿರುಗುತ್ತದೆ.

ಮದ್ದೂರು ಹುಡುಗ
ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗುವಾಗ 'ಉಘೇ ಉಘೇ' ಅಂತೀವಲ್ಲ ಅಕ್ಕ, ಅದನ್ನೂ ಸೇರಿಸಿಕೊಳ್ಳಿ. ಕಾಲು ಬೊಬ್ಬೆ ಬಂದು ಇನ್ನು ಆಗಲ್ಲ ಅಂದಾಗ ಆ ಕೂಗೇ ಮುಂದಕ್ಕೆ ತಳ್ಳುವುದು.

ಪಾಂಡವಪುರದ ಟೀಚರ್
ಶಭಾಷ್ ಕೂಡ ಹೊರಗಿನಿಂದ ಬಂದದ್ದೇ. ಪರ್ಷಿಯನ್ನಿನ 'ಶಾದ್ ಬಾಷ್', ಖುಷಿಯಾಗಿರು ಅಂತ. ಎಷ್ಟು ಒಳ್ಳೆಯ ಹಾರೈಕೆ. ಮಕ್ಕಳಿಗೆ ಬೆನ್ನು ತಟ್ಟುವಾಗ ನಾವು ಗೊತ್ತಿಲ್ಲದೆಯೇ ಅದನ್ನು ಹೇಳುತ್ತಿದ್ದೇವೆ.

ಇಂಗ್ಲಿಷಿನಲ್ಲಿ 'ಅಕೊಲೇಡ್' ಅಂತ ಇನ್ನೊಂದು ಪದ ಇದೆ, ಸನ್ಮಾನ ಅಂತ. ಲ್ಯಾಟಿನ್‌ನಲ್ಲಿ ಕೊಲ್ಲುಂ ಅಂದರೆ ಕತ್ತು. ವೀರನಿಗೆ ನೈಟ್ ಪದವಿ ಕೊಡುವಾಗ ಕತ್ತಿನ ಸುತ್ತ ಕೈ ಹಾಕಿ ಅಪ್ಪಿಕೊಳ್ಳುತ್ತಿದ್ದರು, ಅದರಿಂದ ಬಂತು. ಹಾರ, ಶಾಲು ನಾವು ಹಾಕುವುದೂ ಕತ್ತಿಗೇ ಅಲ್ವಾ.

ಬೆಟ್ಟದ ಸೈಕಲ್
ಪೇಟ ಮಾತ್ರ ತಲೆಗೆ 🙂

ಗರಡಿ ಮನೆ
ಪೇಟದ ವಿಷಯ ಎತ್ತಬೇಡಿ, ಹೊಟ್ಟೆ ಉರಿಯುತ್ತದೆ. ಮೈಸೂರು ಪೇಟ ಅಂದರೆ ಅದಕ್ಕೊಂದು ಗೌರವ ಇತ್ತು. ಈಗ ವೇದಿಕೆ ಹತ್ತಿದವರಿಗೆಲ್ಲ ರೆಡಿಮೇಡ್ ಪೇಟ. ನಮ್ಮ ಉಸ್ತಾದರಿಗೆ ಒಂದು ಕಡೆ ಸನ್ಮಾನ ಅಂತ ಕರೆದರು. ಮೂರು ಗಂಟೆ ಕಾಯಿಸಿದರು. ಪೇಟ ಹಾಕಿ ಫೋಟೊ ತೆಗೆದು ಕಳಿಸಿದರು. ಐವತ್ತು ವರ್ಷ ಹುಡುಗರಿಗೆ ವಿದ್ಯೆ ಹೇಳಿಕೊಟ್ಟವರ ಬಗ್ಗೆ ಮೈಕಿನಲ್ಲಿ ಒಂದು ಮಾತಿಲ್ಲ.

ಹೆಬ್ಬಾಳ ಟೆಕ್ಕಿ
ಇದು ಬೇಸರದ ವಿಷಯ. ಹೆಸರು ಬೇಡ ಸರ್ ಹೇಳಿದ್ದೂ ಇದೇ. ಏನು ಮಾಡಿದರು ಅಂತ ಹೇಳದೆ ಹೊಗಳಿದರೆ ಅದು ಮುಟ್ಟುವುದಿಲ್ಲ. ಕುಡೋ ಪದದ ಪರವಾಗಿ ನಾನು ಇನ್ನೂ ವಾದ ಮಾಡಬಲ್ಲೆ, ಆದರೆ ಈ ವಿಷಯದಲ್ಲಿ ನಿಮ್ಮ ಕಡೆ.

ಶಾಸನದ ಹುಚ್ಚು
ತಡವಾಗಿ ಬಂದೆ. ಏನು ಮಾಡಿದರು ಅಂತ ಹೇಳಿ ಹೊಗಳುವುದಕ್ಕೆ ಮಂಡ್ಯ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಾ? ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನೆನಪು ಮಾಡಿಕೊಳ್ಳಿ.

ಕ್ರಿ.ಶ. 949ರ ಸುಮಾರಿಗೆ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು. ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಇಮ್ಮಡಿ ಬೂತುಗ ಒಂದು ಕಡೆ. ಚೋಳರ ರಾಜಾದಿತ್ಯ ಇನ್ನೊಂದು ಕಡೆ. ರಾಜಾದಿತ್ಯ ಅಲ್ಲೇ ಸತ್ತ. ಆ ಕಾಳಗದಲ್ಲಿ ಬೂತುಗನ ಆಳು ಮಣಲೆರ ಚೆನ್ನಾಗಿ ಹೋರಾಡಿದ್ದ. ಅರಸ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದ. ಬೇರೆಯವನಾಗಿದ್ದರೆ ಊರು ಕೇಳುತ್ತಿದ್ದ, ಚಿನ್ನ ಕೇಳುತ್ತಿದ್ದ. ಮಣಲೆರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು.

ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ಮಣಲೆರ ಆತಕೂರಿನ ದೇವಸ್ಥಾನದ ಮುಂದೆ ನಾಯಿಗೆ ಕಲ್ಲು ನೆಡಿಸಿದ, ಭೂಮಿಯನ್ನೂ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಪೂಜಾರಿ ಊಟ ಮಾಡಿದರೆ ಪಾಪ ಅಂತಲೂ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇದೆ. ಸಾವಿರ ವರ್ಷ ದಾಟಿದರೂ ಕಾಳಿ ಏನು ಮಾಡಿತು ಅಂತ ನಮಗೆ ಗೊತ್ತು.

ತಾತ ಹೇಳಿದ ಎರಡೂ ಇಲ್ಲಿ ಇವೆ ನೋಡಿ. ಯುದ್ಧದಲ್ಲಿ ಒಲಿದು ಬಂದದ್ದೂ ಇದೆ, ಸತ್ತ ಮೇಲೆ ಕೇಳಿಸುತ್ತಾ ಉಳಿದದ್ದೂ ಇದೆ. ಅದಕ್ಕೆ ನಮ್ಮ ಪದ 'ಮೆಚ್ಚು'. ಮೆಚ್ಚುಗೆ. ಇದಕ್ಕೂ ಬಹುವಚನದ ತಾಪತ್ರಯ ಇಲ್ಲ. ಒಂದು ಮೆಚ್ಚುಗೆ, ಎರಡು ಮೆಚ್ಚುಗೆ ಅಂತ ಯಾರೂ ಎಣಿಸುವುದಿಲ್ಲ.

ಮದ್ದೂರು ಹುಡುಗ
ನಮ್ಮ ತಾಲ್ಲೂಕಿನವನಾಗಿ ಇದು ಗೊತ್ತಿರಲಿಲ್ಲ, ನಾಚಿಕೆ ಆಗುತ್ತಿದೆ. ಆತಕೂರಿಗೆ ಹೋದರೆ ಕಲ್ಲು ನೋಡಬಹುದಾ?

ಶಾಸನದ ಹುಚ್ಚು
ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನದು. ಊರಿಗೂ ಹೋಗಿ ಬನ್ನಿ, ನಿಮಗೆ ಹತ್ತಿರವೇ ಅಲ್ವಾ.

ಹೆಸರು ಬೇಡ, ಮೈಸೂರು
ನಾಯಿಗೂ ಅದು ಏನು ಮಾಡಿತು ಅಂತ ಕಲ್ಲಿನಲ್ಲಿ ಬರೆಸಿದರಲ್ಲ. ಓದಿ ಕಣ್ಣು ತುಂಬಿ ಬಂತು.

ಮಂಡ್ಯ ಡಿಟಿಪಿ
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಇವತ್ತು ಬೆಳಿಗ್ಗೆ ಎಲ್ಲ ಉತ್ತರಗಳನ್ನೂ ಪ್ರಿಂಟ್ ತೆಗೆದುಕೊಂಡು ಶಾಲೆಗೇ ಹೋದೆ. ಹೆಡ್‌ಮಿಸ್ ಪೂರ್ತಿ ಓದಿದರು. ಆತಕೂರಿನ ಭಾಗವನ್ನು ಎರಡು ಸಲ ಓದಿದರು. ಕೋಪ ಮಾಡಿಕೊಳ್ಳಲಿಲ್ಲ. 'ಎ' ತೆಗೆದು, ಎಸ್ ಸೇರಿಸಿ 'ಕುಡೋಸ್ ಟು' ಅಂತ ಮಾಡಲು ಒಪ್ಪಿದರು. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು: '............ ಮಾಡಿದ್ದಕ್ಕೆ ನಮ್ಮ ಮೆಚ್ಚುಗೆ'. ಖಾಲಿ ಜಾಗದಲ್ಲಿ ಕ್ಲಾಸ್ ಟೀಚರ್ ಕೈಯಲ್ಲೇ ಬರೆಯುತ್ತಾರೆ, 60 ಮಕ್ಕಳಿಗೂ ಬೇರೆ ಬೇರೆ.

ಒಂದು ಕೊನೆಯ ಪ್ರಶ್ನೆ. ಆ ಚುಕ್ಕಿ ಸಾಲಿಗೆ ಎಷ್ಟು ಜಾಗ ಬಿಡಲಿ?

ಪಾಂಡವಪುರದ ಟೀಚರ್
ಎರಡು ಸಾಲು ಬಿಡಿ. ಮಕ್ಕಳ ಬಗ್ಗೆ ಬರೆಯಲು ಕೂತರೆ ಒಂದು ಸಾಲು ಸಾಲುವುದಿಲ್ಲ.

ಹೆಬ್ಬಾಳ ಟೆಕ್ಕಿ
ಇಂಕ್ ಪೆನ್ನಿನಲ್ಲಿ ಬರೆಯುತ್ತಾರಾ ಕೇಳಿಕೊಳ್ಳಿ. ಹೊಳೆಯುವ ಪೇಪರ್ ಆದರೆ ಇಂಕ್ ಹರಡುತ್ತದೆ.

ಮಂಡ್ಯ ಡಿಟಿಪಿ
ಅರೆ, ಅದು ಹೊಳೆಯಲೇ ಇಲ್ಲ. ಮ್ಯಾಟ್ ಪೇಪರ್ ತರಿಸುತ್ತೇನೆ.